ಸೂರ್ಯ ಹುಟ್ಟುವ ಮೊದಲಿನ ಬುಧವಾರ

ಶೇಷಮ್ಮನಿಗೆ ಆ ಮಿಷನ್ನಿನ ಮೇಲೆ ಮೊದಲ ದಿನದಿಂದಲೂ ಸಿಟ್ಟು. ಯಾಕೆ ಎಂದು ಕೇಳಿದರೆ ಒಂದಲ್ಲ, ಹತ್ತು ಕಾರಣ ಹೇಳುತ್ತಿದ್ದಳು. ಮನುಷ್ಯರಿಗೆ ಸೋರುವ ಕ್ವಾರ್ಟರ್ಸು, ಅದಕ್ಕೆ ಮಾತ್ರ ಗಾಜಿನ ಕೋಣೆ, ತಣ್ಣನೆ ಗಾಳಿ. ಅದರ ಎದುರಿಗೆ ಹೋಗಬೇಕಾದರೆ ಸಾಹೇಬರೂ ಚಪ್ಪಲಿ ಕಳಚಬೇಕು. "ನಮ್ಮನೆ ದೇವ್ರ ಕೋಣೆಗೂ ಇಷ್ಟು ಮಡಿ ಇಲ್ಲ ಮಾರಾಯ್ತಿ" ಎಂದು ಮೂಗು ಮುರಿಯುತ್ತಿದ್ದಳು. ಇವೆಲ್ಲ ಬಾಯಿಮಾತಿನ ಕಾರಣಗಳು. ನಿಜವಾದ ಕಾರಣ ಒಂದೇ: ಆ ಮಿಷನ್ನು ಅವಳ ಸೊಸೆಯನ್ನು ಬಿಡುತ್ತಿರಲಿಲ್ಲ.

ಸೊಸೆ ವೇದಾವತಿ ನೆಲ್ಲಿಹೊಳೆ ಅಣೆಕಟ್ಟಿನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರು. ಎಂಬತ್ತೇಳನೇ ಇಸವಿ ಅದು. ಹೊಸನಗರ ತಾಲೂಕಿನ ಆ ಮೂಲೆಯಲ್ಲಿ ಕಂಪ್ಯೂಟರ್ ಎಂದರೆ ಏನೆಂದು ಬಲ್ಲವರು ಅವಳೊಬ್ಬಳೇ ಎಂದರೂ ನಡೆಯುತ್ತದೆ. ಬೆಳಗಿನ ಜಾವ ಹುಲಿಕಲ್, ಮಾಸ್ತಿಕಟ್ಟೆ ಕಡೆಯಿಂದ ಮಳೆಯ ಅಂಕಿಗಳು ವೈರ್‌ಲೆಸ್‌ನಲ್ಲಿ ಬರುತ್ತಿದ್ದವು. ವೈರ್‌ಲೆಸ್ಸಿನ ಗಿರಿಯಪ್ಪ ಅವನ್ನು ಮಿಷನ್ನಿಗೆ ಹೊಡೆದಿಡುತ್ತಿದ್ದ. ಐದು ಗಂಟೆಗೆ ವೇದಾವತಿ ಬಂದು ಕೂತು, ತನ್ನ ಹೆಸರು ಹೊಡೆದು ಒಳಹೊಕ್ಕು, ಒಂದು ಆಜ್ಞೆ ಕೊಟ್ಟರೆ ಸಾಕು. ಅವಳೇ ಸಾಲುಸಾಲಾಗಿ ಬರೆದಿಟ್ಟ ಕೆಲಸಗಳನ್ನು ಮಿಷನ್ನು ಒಂದೊಂದಾಗಿ ಮಾಡಿ ಮುಗಿಸುತ್ತಿತ್ತು. ಸ್ಕ್ರಿಪ್ಟು ಎಂದು ಅದಕ್ಕೆ ಹೆಸರು. ಕೊನೆಗೆ ಒಂದು ಹಾಳೆ ಅಚ್ಚಾಗಿ ಬರುತ್ತಿತ್ತು: ಎಲ್ಲಿ ಎಷ್ಟು ಮಳೆ, ಎಷ್ಟು ನೀರು ಬರುತ್ತದೆ, ಗೇಟು ಎತ್ತಬೇಕೋ ಬೇಡವೋ. ಗಿರಿಯಪ್ಪ ಆ ಹಾಳೆ ಹಿಡಿದು ಮೇಲಿನ ಗೇಟಿನ ಹತ್ತಿರಕ್ಕೆ ಓಡಿ, ಹೊಳೆ ಕೆಳಗಿನ ಊರುಗಳಿಗೆ ವೈರ್‌ಲೆಸ್ಸಿನಲ್ಲಿ ಹೇಳಿದ ಮೇಲೆಯೇ ಅಲ್ಲಿನ ಹೆಂಗಸರು ಸಸಿ ನೆಡಲು ಹೊಳೆ ದಾಟುವುದು.

ವೇದಾವತಿಗೆ ಈಗ ಎಂಟು ತಿಂಗಳು. ಕಳೆದ ಮಳೆಗಾಲದಲ್ಲಿ ಇದೇ ಕಾಲೋನಿಯಲ್ಲಿದ್ದಾಗ ಅವಳ ಆರು ತಿಂಗಳ ಬಸಿರು ಇಳಿದುಹೋಗಿತ್ತು. ನೋವು ಬಂತೆಂದು ಹೊರಟ ಜೀಪು, ಮರ ಬಿದ್ದ ರಸ್ತೆಯಲ್ಲಿ ನಿಂತುಬಿಟ್ಟಿತು. ಆ ಜೀಪಿನಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಶೇಷಮ್ಮ. ಆ ದಿನದ ಮಾತನ್ನು ಅವಳು ಯಾರ ಹತ್ತಿರವೂ ಆಡಿದವಳಲ್ಲ. ಈ ಸಲ ಮಾತ್ರ ಆರಿದ್ರೆ ಮಳೆ ರಸ್ತೆ ಕಟ್ಟುವ ಮೊದಲೇ ಸೊಸೆಯನ್ನು ತೀರ್ಥಹಳ್ಳಿಯ ತವರಿಗೆ, ಆಸ್ಪತ್ರೆಯ ಹತ್ತಿರಕ್ಕೆ, ದಾಟಿಸಿಯೇ ಸೈ ಎಂದು ಹಠ ಹಿಡಿದಿದ್ದಳು. ಮಗ ಚಂದ್ರಯ್ಯನಿಗೆ ಕಾರ್ಗಲ್‌ನಲ್ಲಿ ಡ್ಯೂಟಿ. ಶನಿವಾರ ಬಂದು ಸೋಮವಾರ ಹೋಗುವ ನೆಂಟ ಅವನು. ಹಾಗಾಗಿ ಆಫೀಸಿನ ಸಾಹೇಬ ಮುಕುಂದಯ್ಯನವರ ಎದುರು ಹೋಗಿ ನಿಂತವಳೂ ಶೇಷಮ್ಮನೇ.

"ರಜೆ ಕೊಡಲ್ಲ ಅಂತ ನಾನೆಲ್ಲಿ ಅಂದೆ ಅಮ್ಮ?" ಮುಕುಂದಯ್ಯ ತಲೆ ಕೆರೆದುಕೊಂಡರು. ಒಳ್ಳೆಯ ಮನುಷ್ಯ, ಆದರೆ ಮೇಲಿನವರಿಗೆ ಹೆದರುವ ಜೀವ. "ಬೆಳಿಗ್ಗೆ ಆ ಹಾಳೆ ಬರಬೇಕಲ್ಲ. ಬೇರೆ ಆಪರೇಟರ್ ಈ ಮಳೆಗಾಲದಲ್ಲಿ ಇಲ್ಲಿಗೆ ಯಾರು ಬರ್ತಾರೆ?"

"ಗಿರಿಯಪ್ಪ ಹೊಡೆದ್ರೆ ಆಗಲ್ವಾ?"

"ಅಯ್ಯಯ್ಯೋ ಬೇಡಪ್ಪಾ!" ಎಂದ ಗಿರಿಯಪ್ಪ ಅಲ್ಲೇ ಬಾಗಿಲಲ್ಲಿ ನಿಂತು. "ಅಂಕಿ ಹೊಡೆಯೋದ್ರಲ್ಲೇ ನನ್ನ ಜೀವ ಬಾಯಿಗೆ ಬರ್ತದೆ."

"ಗೇಟಿನ ವಿಷಯ ಅಮ್ಮ, ಅವಳ ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ. ಮಿಷನ್ನೇ ತಾನಾಗಿ ಮಾಡ್ತದೆ ಅಂತಾರೆ, ಅದಕ್ಕೆ ಒಳಗೊಂದು ಗಡಿಯಾರ ಇದೆಯಂತೆ. ವೇದಾವತಿ ಅದನ್ನ ಒಂದು ದಿನ ಸರಿಯಾಗಿ ನಡೆಸಿ ತೋರಿಸ್ಲಿ. ಆ ನಿಮಿಷಕ್ಕೆ ರಜೆ" ಎಂದರು ಮುಕುಂದಯ್ಯ.

ಅಲ್ಲಿಗೆ ಶುರುವಾಯಿತು ನೋಡಿ ಪಡಿಪಾಟಲು. ಹೇಳಿದ ಹೊತ್ತಿಗೆ ಎದ್ದು ಸ್ಕ್ರಿಪ್ಟು ನಡೆಸುವ ಒಬ್ಬ ಕಾವಲುಗಾರ ಮಿಷನ್ನಿನೊಳಗೇ ಇದ್ದಾನೆ ಎಂದು ವೇದಾವತಿ ಅತ್ತೆಗೆ ತಿಳಿಸಿ ಹೇಳಿದ್ದಳು. ಶೇಷಮ್ಮ ಅವನಿಗೆ 'ಒಳಗಿನವನು' ಎಂದೇ ಹೆಸರಿಟ್ಟಳು. ಎಂಟು ತಿಂಗಳ ಸೊಸೆಯನ್ನು ಕತ್ತಲಲ್ಲಿ ಒಬ್ಬಳೇ ಕಳಿಸುವುದುಂಟೇ? ದಿನಾ ಟಾರ್ಚು, ಕೊಡೆ ಹಿಡಿದು ತಾನೂ ಬಂದು ಆ ತಣ್ಣನೆ ಕೋಣೆಯಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದಳು.

ಮೊದಲ ದಿನ ಐದಕ್ಕೆ ಏಳು ಎಂದು ಬರೆದಿಟ್ಟರೆ ಒಳಗಿನವನು ಎದ್ದದ್ದು ಹತ್ತೂವರೆಗೆ. "ಸರ್ಕಾರಿ ನೌಕರ ಕಣಕ್ಕಾ, ಹತ್ತೂವರೆಗೇ ಬರೋದು" ಎಂದ ಗಿರಿಯಪ್ಪ. ಆಫೀಸಿಗೆ ಆಫೀಸೇ ನಕ್ಕಿತು. ವೇದಾವತಿಯೂ ನಕ್ಕು, ಅವನು ತಡಮಾಡಿದಷ್ಟನ್ನು ಹಿಂದಕ್ಕೆ ತಳ್ಳಿ ಬರೆದಳು. ಮರುದಿನ ಸರಿಯಾಗಿ ಐದಕ್ಕೇ ಎದ್ದ. ಆದರೆ ಹಾಳೆಯಲ್ಲಿ ತಲೆಬರಹ ಬಿಟ್ಟರೆ ಬರೀ ಬಿಳಿ.

ವೇದಾವತಿ ಕುರ್ಚಿಯಲ್ಲಿ ಕೂತು ಅದೇ ಸ್ಕ್ರಿಪ್ಟನ್ನು ಕೈಯಿಂದ ನಡೆಸಿದಳು. ಟರಟರನೆ ಹಾಳೆ ತುಂಬ ಅಂಕಿ. ಮರುದಿನ ಬಿಟ್ಟು ನೋಡಿದರೆ ಮತ್ತೆ ಬಿಳಿ. ಅವಳು ಕೂತರೆ ಬರುತ್ತದೆ, ಎದ್ದರೆ ಇಲ್ಲ. ಮುಕುಂದಯ್ಯ ಒಂದು ದಿನ ವೋಲ್ಟೇಜನ್ನು ಬೈದರು, ಇನ್ನೊಂದು ದಿನ ಥಂಡಿಯನ್ನು. ಶೇಷಮ್ಮನಿಗೆ ಮಾತ್ರ ಅನುಮಾನವೇ ಇರಲಿಲ್ಲ, ದೃಷ್ಟಿಯಾಗಿದೆ, ಇನ್ನೇನು? ಉಪ್ಪು ಮೆಣಸಿನಕಾಯಿ ತಂದು ಮಿಷನ್ನಿಗೆ ನಿವಾಳಿಸಿಯೇಬಿಟ್ಟಳು. "ಮಾಡಿ ಅಮ್ಮ, ಅದೂ ಒಂದು ಆಗಿಹೋಗ್ಲಿ" ಎಂದು ಮುಕುಂದಯ್ಯ ಚಪ್ಪಲಿ ಕಳಚಿ ನಿಂತರು. ಮರುದಿನವೂ ಹಾಳೆ ಬಿಳಿಯೇ ಬಂತು.

ಅವತ್ತು ವೇದಾವತಿ ಬಿಳಿ ಹಾಳೆಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತಳು. ಕಾಲು ಊದಿಕೊಂಡಿದ್ದವು, ಶೇಷಮ್ಮ ಒಂದು ಸ್ಟೂಲು ಎಳೆದು ಕಾಲಡಿಗೆ ಕೊಟ್ಟಳು.

"ಅತ್ತೆ, ನಾವೆಲ್ಲ ನಾನು ಕೂತಾಗ ಎಂತ ಆಗ್ತದೆ ಅಂತಲೇ ನೋಡ್ತಿದ್ದೀವಿ" ಎಂದಳು ವೇದಾವತಿ. "ನಾನಿಲ್ಲದಾಗ ಅವನಿಗೆ ಎಂತ ಕಾಣ್ತದೆ ಅಂತ ಅವನನ್ನೇ ಯಾರೂ ಕೇಳ್ಲಿಲ್ಲ."

ಕೇಳುವುದು ಎಂದರೆ ಹೀಗೆ: ಎದ್ದ ಕೂಡಲೇ ನಿನಗೆ ಏನೇನು ಗೊತ್ತಿದೆಯೋ ಅಷ್ಟನ್ನೂ ಬರೆದಿಡು ಎಂದು ಒಳಗಿನವನಿಗೆ ಒಂದು ಸಾಲು ಆಜ್ಞೆ. ತಾನು ಕೂತಾಗ ಮಿಷನ್ನಿಗೆ ಏನೇನು ಗೊತ್ತಿರುತ್ತದೆ ಎಂಬುದನ್ನೂ ಬೇರೆಯಾಗಿ ಬರೆಸಿದಳು. ಮಂಗಳವಾರ ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಅವಳದ್ದು ಹಾಳೆ ತುಂಬ, ಅವನದ್ದು ನಾಲ್ಕೈದು ಸಾಲು. ವೇದಾವತಿ ಹಣೆ ಹಣೆ ಚಚ್ಚಿಕೊಂಡಳು.

"ನಾನು ಹೆಸರು ಹೊಡೆದ ಕೂಡ್ಲೇ ಇದು ನನ್ನದೊಂದು ಫೈಲ್ ಓದ್ಕೊಳ್ತದೆ ಅತ್ತೆ. ಲೆಕ್ಕ ಹಾಕೋ ಪ್ರೋಗ್ರಾಮು ಇಂಥಾ ಕಡೆ, ಮಳೆ ಅಂಕಿ ಇಂಥಾ ಕಡೆ ಅಂತ ಕೆಲಸಕ್ಕೆ ಸೇರಿದ ವರ್ಷ ನಾನೇ ಬರೆದದ್ದು. ಬರೆದು ಮರೆತೂಬಿಟ್ಟೆ. ಅವನು ಅದನ್ನ ಓದೋದೇ ಇಲ್ಲ. ಲೆಕ್ಕ ಹಾಕು ಅಂದ್ರೆ, ಎಲ್ಲಿದೆ ಗೊತ್ತಿಲ್ಲ ಅಂತ ಪಾಪ ದಿನಾ ಕೂಗ್ಕೊಂಡಿದ್ದಾನೆ. ಎದುರಿಗೆ ಪರದೆ ಇಲ್ವಲ್ಲ, ಅವನು ಕೂಗಿದ್ದು ಯಾರಿಗೆ ಕೇಳ್ಬೇಕು?"

ಶೇಷಮ್ಮನಿಗೆ ಇದು ಚೆನ್ನಾಗಿಯೇ ಅರ್ಥವಾಯಿತು. ತನಗೆ ಜ್ವರ ಬಂದಾಗ ತಂಗಿ ಬಂದು ಅಡಿಗೆ ಮಾಡಿ, ಉಪ್ಪು ತುಂಬಿಡುವ ಮರಿಗೆ ಎಲ್ಲಿದೆ ಎಂದು ತಿಳಿಯದೆ ಸಪ್ಪೆ ಸಾರು ಬಡಿಸಿದ್ದಳು. ಮರಿಗೆ ಒಲೆಯ ಹಿಂದೆ ಇದೆ ಎಂದು ಹೇಳಬೇಕೆಂದೇ ಶೇಷಮ್ಮನಿಗೆ ಹೊಳೆದಿರಲಿಲ್ಲ. ಅವಳ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತಲ್ಲ. "ಹಾಗಾದ್ರೆ ಅವಂಗೆ ಎಲ್ಲಾ ಬಿಡಿಸಿ ಹೇಳು ಮತ್ತೆ" ಎಂದಳು. ವೇದಾವತಿ ಇಡೀ ದಿನ ಕೂತು ಯಾವುದು ಎಲ್ಲಿದೆ ಎಂದು ಬುಡದಿಂದ ತುದಿಯವರೆಗೆ ಬರೆದಳು. ಇಷ್ಟು ದಿನ ಮಿಷನ್ನನ್ನು ಬೈಯುತ್ತಿದ್ದ ಶೇಷಮ್ಮನಿಗೆ, ಅದರ ಒಳಗನ್ನೇ ಓದುವ ಈ ಹುಡುಗಿ ತಮ್ಮ ಮನೆಯವಳು ಎಂಬ ಹೆಮ್ಮೆಯಿಂದ ಎದೆ ತುಂಬಿ ಬಂತು.

ಸಂಜೆ ಚೀಲ ಕಟ್ಟಿದ್ದಾಯಿತು. ಕಾಲೋನಿ ಗೇಟಿಗೆ ತೀರ್ಥಹಳ್ಳಿಯ ಮೊದಲ ಬಸ್ಸು ಬೆಳಿಗ್ಗೆ ಐದೂಕಾಲಿಗೆ, ಎರಡನೆಯದು ಏಳರ ಮೇಲೆ. ಐದರ ಹಾಳೆ ಬಂದರೆ ಮೊದಲನೆಯದಕ್ಕೇ ಹೋಗುತ್ತೇನೆ ಎಂದಳು ವೇದಾವತಿ.

"ಅದೆಂತ ಮಾತು? ಸೂರ್ಯ ಹುಟ್ಟೋ ತನಕ ಮಂಗಳವಾರನೇ. ಮಂಗಳವಾರ ಬಸುರಿ ಹೆಂಗಸನ್ನ ಹೊರಡ್ಸೋದುಂಟಾ?"

"ಕ್ಯಾಲೆಂಡರ್ ಪ್ರಕಾರ ರಾತ್ರಿ ಹನ್ನೆರಡಕ್ಕೇ ಬುಧವಾರ ಅತ್ತೆ."

"ಹನ್ನೆರಡಕ್ಕೆ ಎದ್ದು ನೋಡಿದವರು ಯಾರು? ಎರಡನೇ ಬಸ್ಸಿಗೆ ಹೋಗು. ಬುಧವಾರ ಒಳ್ಳೇ ದಿನ." ಶೇಷಮ್ಮನ ಪಂಚಾಂಗಕ್ಕೆ ಎದುರು ಮಾತಿಲ್ಲ.

ಆ ರಾತ್ರಿ ಮಳೆ ಹುಯ್ದದ್ದು ಸುಮ್ಮನೆ ಅಲ್ಲ. ಶೀಟಿನ ಮಾಡಿನ ಮೇಲೆ ಬಡಿಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಬೆಳಗಿನ ಜಾವ ಇಬ್ಬರೂ ಮೊಣಕಾಲವರೆಗೆ ನೆನೆದು ಆಫೀಸು ಮುಟ್ಟಿದರು. ಮುಕುಂದಯ್ಯನವರೂ ರೈನ್‌ಕೋಟು ಹಾಕಿಕೊಂಡು, ರಜೆಯ ಕಾಗದಕ್ಕೆ ಸಹಿ ಮಾಡಿಯೇ ಬಂದಿದ್ದರು. ವೇದಾವತಿ ಈ ಸಲ ಮಿಷನ್ನಿನ ಹತ್ತಿರವೂ ಸುಳಿಯದೆ ಮೂಲೆಯ ಕುರ್ಚಿಯಲ್ಲಿ ಕೂತಳು. ಐದು ಹೊಡೆಯಿತು. ಟರಟರ ಟರಟರ. ಹಾಳೆಯ ತುಂಬ ಅಂಕಿ!

"ಭೇಷ್!" ಮುಕುಂದಯ್ಯ ಎರಡೂ ಕೈ ಎತ್ತಿದರು. ವೇದಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಳೆ ಮೊದಲು ಸಿಕ್ಕಿದ್ದು ಪ್ರಿಂಟರಿನ ಪಕ್ಕ ನಿಂತಿದ್ದ ಶೇಷಮ್ಮನ ಕೈಗೆ. ದಿನಾ ನೋಡಿ ನೋಡಿ ಅವಳಿಗೂ ಅಷ್ಟು ತಿಳಿದಿತ್ತು, ಮೊದಲ ಸಾಲು ಹುಲಿಕಲ್. ಅಲ್ಲಿ ಮೂವತ್ತೆಂಟು ಎಂದಿತ್ತು. ನಿನ್ನೆ ಸೊಸೆ ಕೈಯಿಂದ ತೆಗೆದ ಹಾಳೆಯಲ್ಲೂ ಮೂವತ್ತೆಂಟೇ. ಎರಡನೆಯ ಸಾಲೂ ನಿನ್ನೆಯದೇ, ಮೂರನೆಯದೂ. ಹೊರಗೆ ಆಕಾಶವೇ ಹರಿದು ಬೀಳುತ್ತಿತ್ತು.

ಇದು ಸರಿಯಿಲ್ಲ ಎಂದು ಗೊತ್ತಾಗಲು ಶೇಷಮ್ಮನಿಗೆ ಕಂಪ್ಯೂಟರ್ ಕಲಿಯಬೇಕಿರಲಿಲ್ಲ. ಬಾಯಿ ತೆರೆದವಳ ಕಣ್ಣೆದುರು ಆ ಜೀಪು ಬಂತು, ತೊಡೆಯ ಮೇಲಿನ ತಲೆ ಬಂತು. ಬಾಯಿ ಮುಚ್ಚಿದಳು. "ತಗಳಪ್ಪ, ಹೋಗು" ಎಂದು ಹಾಳೆಯನ್ನು ಗಿರಿಯಪ್ಪನ ಕೈಗಿಟ್ಟಳು. ಹೊರಗೆ ಮೊದಲ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಅದಕ್ಕೇ ಕಳಿಸಿದ್ದರೆ ಆಗಿತ್ತು ಎಂದು ತನ್ನ ಪಂಚಾಂಗವನ್ನೇ ಶಪಿಸಿದಳು.

ಗಿರಿಯಪ್ಪ ನೋಡುವುದು ಕೊನೆಯ ಸಾಲು ಮಾತ್ರ. ಹಾಳೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕುತ್ತ, "ಗೇಟು ಎತ್ತೋದು ಬೇಡ ಅಂತ ಬಂದಿದೆ, ಬಚಾವಾದೆ" ಎಂದು ಬಾಗಿಲು ದಾಟಿದ. ಮಿಷನ್ನು ಹೇಳಿದ ಮೇಲೆ ತನ್ನದೆಂತ ಎಂದು ಅವನು.

"ಗಿರಿಯಪ್ಪಣ್ಣ, ನಿಲ್ಲಿ!" ವೇದಾವತಿ ಎದ್ದು ನಿಂತಿದ್ದಳು. "ಬೇಡ ಅಂತ ಬಂದಿದೆಯಾ? ಈ ಮಳೆಗೆ?"

ಹಾಳೆ ಇಸಕೊಂಡು ಒಂದೇ ಸಲ ನೋಡಿದಳು. ಹೆಗಲ ಚೀಲವನ್ನು ಕುರ್ಚಿಯ ಮೇಲಿಟ್ಟಳು. "ಇದು ನಿನ್ನೆಯ ಮಳೆ ಸಾರ್."

ಮುಕುಂದಯ್ಯನವರ ಮುಖ ಬಿಳಿಚಿಕೊಂಡಿತು. ಆದರೂ ಅವಳ ಊದಿದ ಕಾಲು ನೋಡಿ ಅವರಿಗೇ ಮನಸ್ಸು ತಡೆಯಲಿಲ್ಲ. "ಈಗೊಂದ್ಸಲ ಕೈಯಿಂದ ತೆಗೆದುಕೊಟ್ಟು ಹೊರಡಿ ಮೇಡಂ. ನಾಳೆದು ನಾಳೆ ಹೆಂಗಾದ್ರೂ ಮಾಡ್ಕೊಳ್ಳೋಣ. ರಜೆ ಬರ್ದಾಗಿದೆ."

"ಬಿಳೀ ಹಾಳೆ ಬಂದಿದ್ರೆ ಹೋಗ್ತಿದ್ದೆ ಸಾರ್. ಬಿಳೀ ಹಾಳೆ ಕಂಡ್ರೆ ಯಾರಾದ್ರೂ ಎಂತಾಯ್ತು ಅಂತ ಕೇಳ್ತಾರೆ. ತುಂಬಿದ ಹಾಳೆ ಸುಳ್ಳು ಹೇಳಿದ್ರೆ ಯಾರೂ ಕೇಳಲ್ಲ."

ಕುರ್ಚಿಗೆ ಕೂತು ಹೆಸರು ಹೊಡೆದು ಸ್ಕ್ರಿಪ್ಟು ನಡೆಸಿದಳು. ಹುಲಿಕಲ್ ಇನ್ನೂರರ ಮೇಲೆ. ಎರಡು ಗೇಟು ಎತ್ತಬೇಕು, ಕೆಳಗಿನವರು ಯಾರೂ ಹೊಳೆ ಇಳಿಯಬಾರದು. ಗಿರಿಯಪ್ಪ ಚಪ್ಪಲಿಯನ್ನೂ ಮೆಟ್ಟದೆ ಗುಡ್ಡ ಹತ್ತಿ ಓಡಿದ. ಸ್ವಲ್ಪ ಹೊತ್ತಿಗೆ ಗೇಟಿನ ಸೈರನ್ನು ಕೂಗುವುದು ಮಳೆಯೊಳಗಿಂದ ಕೇಳಿಸಿತು. ಏಳರ ಬಸ್ಸೂ ಬಂದು ಹೋಯಿತು.

ವೇದಾವತಿ ಈಗ ಒಳಗಿನವನಿಗೆ ಇನ್ನೊಂದೇ ಪ್ರಶ್ನೆ ಹಾಕಿದಳು: ಈಗ ವಾರ ಯಾವುದು, ಗಂಟೆ ಎಷ್ಟು? ಉತ್ತರ ಬಂತು. ಬುಧವಾರ, ರಾತ್ರಿ ಎರಡು ಗಂಟೆ! ಗೋಡೆಯ ಗಡಿಯಾರ ಏಳೂವರೆ ತೋರಿಸುತ್ತಿತ್ತು.

"ಅಯ್ಯೋ ದೇವ್ರೇ" ಎಂದು ವೇದಾವತಿ ನಕ್ಕೇಬಿಟ್ಟಳು. ಆ ನಗುವಿನಲ್ಲಿ ಅಳುವೂ ಇತ್ತು. "ಇದರ ಹುಟ್ಟು ಲೆಕ್ಕ ಇಂಗ್ಲೆಂಡಿನದು ಅತ್ತೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಾನು ಕೂತಾಗ ಇಂಡಿಯಾದ ಹೊತ್ತು ಹೇಳು ಅಂತ ನನ್ನ ಫೈಲಲ್ಲಿ ಒಂದು ಸಾಲಿದೆ. ನಿನ್ನೆ ಅದು ಕಣ್ಣಿಗೂ ಬಿತ್ತು, ಐದಕ್ಕೇ ಏಳ್ತಾನಲ್ಲ ಅಂತ ದಾಟಿಬಿಟ್ಟೆ. ಹತ್ತೂವರೆಗೆ ಎದ್ದನಲ್ಲ, ಅವತ್ತೇ ಎಂತಕ್ಕೆ ಅಂತ ಕೇಳ್ಬೇಕಿತ್ತು. ನಕ್ಕು ತಳ್ಳಿಬಿಟ್ಟೆ. ನಮಗೆ ಬೆಳಿಗ್ಗೆ ಐದು ಅಂದ್ರೆ ಅವನಿಗಿನ್ನೂ ನಿನ್ನೆ ರಾತ್ರಿ. ಇವತ್ತಿನ ಅಂಕಿ ತಗೋ ಅಂದ್ರೆ ಮಂಗಳವಾರದ್ದು ತಗೊಂಡ."

ಶೇಷಮ್ಮ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿದಳು. "ಐದು ಗಂಟೆಗೆ ಅವನಿಗೆ ಮಂಗಳವಾರವಾ?"

"ಹೌದು ಅತ್ತೆ."

"ಮತ್ತೆ ಸರಿಯಾಗೇ ಹೇಳಿದ್ದಾನಲ್ಲ! ಸೂರ್ಯ ಹುಟ್ಟಿರ್ಲಿಲ್ಲ." ಮುಕುಂದಯ್ಯನವರೂ ಬಿದ್ದು ಬಿದ್ದು ನಕ್ಕರು.

ವೇದಾವತಿ ಆ ಸಾಲನ್ನು ಒಳಗಿನವನಿಗೂ ಬರೆದುಕೊಟ್ಟಳು. ಹಾಳೆಯ ನೆತ್ತಿಯ ಮೇಲೆ ವಾರ, ತಾರೀಕು ಬರುವಂತೆ ಮಾಡಿದಳು. ಆಮೇಲೆ ಇನ್ನೂ ಏನೋ ಬರೆಯತೊಡಗಿದಳು. ಅದೆಂತ ಎಂದು ಶೇಷಮ್ಮ ಕೇಳಿದಳು.

"ಸಿಕ್ಕಿದ ಅಂಕಿ ಇವತ್ತಿನದಲ್ಲ ಅಂತಾದ್ರೆ ಹಾಳೆ ಹಾಕ್ಬೇಡ, ಗಂಟೆ ಹೊಡಿ ಅಂತ. ಗೊತ್ತಿದ್ದೂ ಸುಮ್ಮನಿರ್ಬೇಡ ಅಂತ."

ಶೇಷಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮುಕುಂದಯ್ಯ ಹೊರಗೆ ಹೋಗುವವರೆಗೂ ತಡೆದುಕೊಂಡು, ಆಮೇಲೆ ತಡೆಯಲಾಗದೆ ಹೇಳಿಯೇಬಿಟ್ಟಳು. "ನಾನು ಮೊದಲೇ ನೋಡಿದ್ದೆ ಕಣೇ. ಮೂವತ್ತೆಂಟು. ನೀನು ಹೋಗ್ಲಿ ಅಂತ ಸುಮ್ಮನಿದ್ದೆ. ಕೆಳಗಿನ ಊರಿನ ಹೆಂಗಸ್ರಿಗೂ ಮಕ್ಕಳಿದ್ದಾರೆ ಅಂತ ಹೊಳೀಲೇ ಇಲ್ಲ ನಂಗೆ."

ವೇದಾವತಿ ಕೀಲಿಗಳ ಮೇಲಿನ ಕೈ ತೆಗೆದು ಅತ್ತೆಯ ಕೈ ಹಿಡಿದಳು. "ಗಿರಿಯಪ್ಪಣ್ಣನ್ನ ಕರೆಯೋದು ಬೇಡ ಅಂತ ನಂಗೂ ಒಂದು ಗಳಿಗೆ ಅನ್ನಿಸ್ತು ಅತ್ತೆ. ನಂಗೂ ಆ ಜೀಪು ನೆನಪಿದೆ." ಇಷ್ಟು ಹೇಳಿ ಮತ್ತೆ ಬರೆಯಲು ತೊಡಗಿದಳು. ಈ ಹುಡುಗಿಯ ಧೈರ್ಯ ತನಗೆ ಏಳು ಜನ್ಮಕ್ಕೂ ಬರಲಿಕ್ಕಿಲ್ಲ ಎಂದುಕೊಂಡಳು ಶೇಷಮ್ಮ.

ಮರುದಿನ ಬೆಳಿಗ್ಗೆ ಇಬ್ಬರೂ ಒಳಗೇ ಹೋಗಲಿಲ್ಲ, ಆಫೀಸಿನ ಜಗಲಿಯಲ್ಲೇ ಚೀಲ ಇಟ್ಟುಕೊಂಡು ಕೂತರು. ಐದಕ್ಕೆ ಟರಟರ ಸದ್ದು ಕೇಳಿತು. ಗಿರಿಯಪ್ಪ ಹಾಳೆ ತಂದು ಹಿಡಿದ. ನೆತ್ತಿಯ ಮೇಲೆ ಗುರುವಾರ. ಕೆಳಗೆ ಅವನೇ ಆಗಷ್ಟೇ ಹೊಡೆದ ಅಂಕಿಗಳು. ವೇದಾವತಿ ಒಂದೊಂದನ್ನೂ ಓದಿಸಿ ತಾಳೆ ನೋಡಿದಳು. "ಇನ್ನು ಇವನು ನಾನಿಲ್ಲದೆ ಬದುಕ್ತಾನೆ" ಎಂದಳು.

ಅಷ್ಟರಲ್ಲಿ ಮೊದಲ ಬಸ್ಸಿನ ದೀಪ ತಿರುವಿನಲ್ಲಿ ಕಂಡಿತು. ಶೇಷಮ್ಮ ಚೀಲ ಎತ್ತಿಕೊಂಡಳು.

"ಸೂರ್ಯ ಹುಟ್ಟಿಲ್ವಲ್ಲ ಅತ್ತೆ?"

"ಅದಕ್ಕೇ ಹೇಳಿದ್ದು, ಇನ್ನೂ ಬುಧವಾರನೇ. ಬುಧವಾರ ಒಳ್ಳೇ ದಿನ. ಹತ್ತು!"

ವೇದಾವತಿ ನಗುತ್ತಲೇ ಬಸ್ಸು ಹತ್ತಿ ಕಿಟಕಿಯಲ್ಲಿ ಬಗ್ಗಿದಳು. "ದಿನಾ ಹೋಗಿ ಹಾಳೆ ಮೇಲಿನ ವಾರ ನೋಡಿ ಅತ್ತೆ. ನಿಮ್ಮ ಲೆಕ್ಕದ್ದಲ್ಲ, ನನ್ನ ಲೆಕ್ಕದ್ದು. ಏಳು ವಾರದ ಇಂಗ್ಲಿಷ್ ಅಕ್ಷರ ಗೋಡೆ ಮೇಲೆ ಬರೆದಿಟ್ಟಿದ್ದೀನಿ."

ಅದಾಗಿ ಹೆಚ್ಚು ದಿನ ಕಳೆಯಲಿಲ್ಲ, ರಸ್ತೆಗೆ ಅಡ್ಡಲಾಗಿ ಎರಡು ಮರ ಬಿದ್ದು ಬಸ್ಸೆಲ್ಲ ನಿಂತಿತು. ಶೇಷಮ್ಮ ಸುದ್ದಿ ಕೇಳಿ ಗೋಡೆಗೆ ಒರಗಿ ಕೂತಳು. ಅಂದು ದೇವರಿಗೆ ಎರಡು ದೀಪ ಹಚ್ಚಿದಳು. ಬೆಳಿಗ್ಗೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಟಾರ್ಚು ಹಿಡಿದು ಹೋಗುವುದು, ಹಾಳೆ ಬರುವಾಗ ಎದುರು ನಿಲ್ಲುವುದು, ಮೂರು ಅಕ್ಷರ ಗೋಡೆಯದರ ಜೊತೆ ತಾಳೆ ನೋಡಿ ಗಿರಿಯಪ್ಪನಿಗೆ ಕೊಡುವುದು. ಖಾಲಿ ಕುರ್ಚಿಯ ಎದುರು ಹಾಳೆ ತಾನಾಗಿ ಬರುವಾಗಲೆಲ್ಲ ಸೊಸೆಯೇ ಅಲ್ಲಿ ಕೂತಂತೆ ಅನಿಸಿ, ಅವಳಿಗೆ ಆ ಮಿಷನ್ನಿನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು.

ಪುಷ್ಯ ಮಳೆ ಹಿಡಿದಿತ್ತು. ಒಂದು ಬೆಳಿಗ್ಗೆ ಹಾಳೆ ಬಂದು, ತಾಳೆಯೂ ಆಗಿ, ಗಿರಿಯಪ್ಪನಿಗೆ ಕೊಡಬೇಕು ಎನ್ನುವಾಗ ಟೆಲಿಫೋನು ಹೊಡೆದುಕೊಂಡಿತು. ಮುಕುಂದಯ್ಯ ಎತ್ತಿಕೊಂಡರು. ಅತ್ತ ತೀರ್ಥಹಳ್ಳಿಯ ಆಸ್ಪತ್ರೆ. "ಹೆಣ್ಣು ಮಗು ಅಮ್ಮಾ! ನಾಲ್ಕು ಗಂಟೆ ದಾಟಿದ ಮೇಲೆ ಆಯ್ತಂತೆ. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದಾರೆ."

ಶೇಷಮ್ಮ ಆ ಖಾಲಿ ಕುರ್ಚಿಯಲ್ಲೇ ಕುಸಿದು ಕೂತಳು. ಕಣ್ಣಿಂದ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಅವಳನ್ನು ನಗಿಸೋಣವೆಂದು ಮುಕುಂದಯ್ಯ, "ಇನ್ನೂ ಸೂರ್ಯ ಹುಟ್ಟಿಲ್ಲ. ನಿಮ್ಮ ಲೆಕ್ಕದಲ್ಲಿ ಮೊಮ್ಮಗಳು ಗುರುವಾರ ಹುಟ್ಟಿದ ಹಾಗಾಯ್ತು, ಅಲ್ವಾ?" ಎಂದರು.

ಶೇಷಮ್ಮ ಕೈಯಲ್ಲಿದ್ದ ಹಾಳೆಯನ್ನು ಅವರ ಮುಖದ ಮುಂದೆ ಹಿಡಿದಳು.

"ಶುಕ್ರವಾರ ಅಂತ ಇಲ್ಲೇ ಇದೆಯಲ್ಲ ಸಾಹೇಬ್ರೇ, ಕಾಣ್ಸಲ್ವಾ?" ಎಂದಳು. "ಇದನ್ನ ಬರೆದಿಟ್ಟು ಹೋದವಳು ನನ್ನ ಸೊಸೆ. ಜಾತಕ ಬರೆಯೋ ಭಟ್ರಿಗೂ ನಾನು ಇದನ್ನೇ ತೋರಿಸ್ತೀನಿ."